ನೂರಕ್ಕೆ ಮೂವತ್ತು ಬಂದರೆ ಶಾಭಾಸ್ ಯಾಕೆ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮೊಮ್ಮಗ ಶಾಲೆಯ ಬೇಸ್‌ಬಾಲ್ ತಂಡದಲ್ಲಿದ್ದಾನೆ. ಭಾನುವಾರ ಫೋನ್ ಮಾಡಿ, 'ಅಜ್ಜಿ, ನನ್ನ ಬ್ಯಾಟಿಂಗ್ ಸರಾಸರಿ .300' ಎಂದು ಕುಣಿದ. 20 ಸಲದಲ್ಲಿ 6 ಹಿಟ್ ಅಂತೆ. ಅದರಲ್ಲಿ 1 ಡಬಲ್, 1 ಹೋಮ್ ರನ್, ಉಳಿದವು ಸಿಂಗಲ್. ಇನ್ನೂ 4 'ವಾಕ್' ಇವೆ, ಅವು ಲೆಕ್ಕಕ್ಕಿಲ್ಲ ಅನ್ನುತ್ತಾನೆ. ನೂರಕ್ಕೆ ಮೂವತ್ತು ಅಂದ್ರೆ ಫೇಲ್ ಅಲ್ವಾ? ಹೊಗಳಲೋ, ಬೈಯಲೋ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಬೈಯಬೇಡಿ ಅಮ್ಮ. ಅಲ್ಲಿನ ದೊಡ್ಡ ಲೀಗ್‌ಗಳಲ್ಲೂ .300 ಅಂದರೆ ಒಳ್ಳೆಯ ಬ್ಯಾಟರ್ ಎಂದೇ ಅರ್ಥ. ಚುಕ್ಕಿ ಬಿಟ್ಟು 'ತ್ರೀ ಹಂಡ್ರೆಡ್' ಎಂದು ಓದುತ್ತಾರೆ.

ನಮ್ಮ ಕ್ರಿಕೆಟ್ ಸರಾಸರಿಗೂ ಇದಕ್ಕೂ ಹೆಸರು ಮಾತ್ರ ಒಂದೇ. ನಾವು ರನ್ನುಗಳನ್ನು ಔಟಾದ ಸಂಖ್ಯೆಯಿಂದ ಭಾಗಿಸುತ್ತೇವೆ. ಅವರು ಹಿಟ್‌ಗಳನ್ನು 'ಅಟ್ ಬ್ಯಾಟ್'ನಿಂದ, ಅಂದರೆ ವಾಕ್ ಬಿಟ್ಟು ಬ್ಯಾಟ್ ಮಾಡಿದ ಸಲಗಳಿಂದ ಭಾಗಿಸುತ್ತಾರೆ. ಚೆಂಡು ಹೊಡೆದು ಬೇಸ್ (ಓಡಿ ಮುಟ್ಟಬೇಕಾದ ನಾಲ್ಕು ನೆಲೆಗಳಲ್ಲೊಂದು) ಮುಟ್ಟಿದರೆ ಹಿಟ್. ಒಂದು ಬೇಸ್ ಸಿಕ್ಕರೆ ಸಿಂಗಲ್, ಎರಡಾದರೆ ಡಬಲ್, ನಾಲ್ಕೂ ಸುತ್ತಿದರೆ ಹೋಮ್ ರನ್. ಆದರೆ ಫೀಲ್ಡರ್ ಸುಲಭದ ಚೆಂಡನ್ನು ಕೈಚೆಲ್ಲಿ, ಅದರಿಂದ ಬೇಸ್ ಸಿಕ್ಕರೆ ಅದು ಹಿಟ್ ಅಲ್ಲ, 'ಎರರ್'. ಅವಕಾಶ ಮಾತ್ರ ಲೆಕ್ಕಕ್ಕೆ ಸೇರಿ ಸರಾಸರಿ ಇಳಿಯುತ್ತದೆ. ಹಿಟ್ಟೋ ಎರರ್ರೋ ಎಂದು ತೀರ್ಮಾನಿಸುವವನು ಸ್ಕೋರರ್! ನಾನು ಹಾಸನದಲ್ಲಿ ಮೂವತ್ತು ವರ್ಷ ಕ್ರಿಕೆಟ್ ಸ್ಕೋರ್ ಬರೆದವನು. ಒಮ್ಮೆ ನಾಲ್ಕು ಲೆಗ್‌ಬೈಗಳನ್ನು ಬ್ಯಾಟ್ಸ್‌ಮನ್ ಖಾತೆಗೆ ಹಾಕಿಬಿಟ್ಟೆ. ಪಾಪ, ಅವನು ಐವತ್ತಾಯಿತೆಂದು ಬ್ಯಾಟ್ ಎತ್ತಿದ. ಆಮೇಲೆ ನಲವತ್ತಾರು ಎಂದು ಗೊತ್ತಾದಾಗ ನನ್ನ ಟೇಬಲ್ಲಿನ ಮುಂದೆ ನಡೆದ ಜಗಳ ಇನ್ನೂ ಕಿವಿಯಲ್ಲಿದೆ. ಹಿಟ್-ಎರರ್ ಅಧಿಕಾರ ಬೇರೆ ಇದ್ದಿದ್ದರೆ ಊರಲ್ಲಿ ಓಡಾಡುವುದೇ ಕಷ್ಟವಾಗುತ್ತಿತ್ತು.

ಇನ್ನು ವಾಕ್. ಇದು ನಮ್ಮ ವೈಡ್‌ನ ದೂರದ ನೆಂಟ. ಪಿಚರ್ ಎಸೆದ ಚೆಂಡು ಅಳತೆಯ ಹೊರಗಿದ್ದು, ಬ್ಯಾಟರ್ ಬೀಸದೆ ಬಿಟ್ಟರೆ 'ಬಾಲ್'. ಅಂಥವು ನಾಲ್ಕಾದರೆ ಮೊದಲ ಬೇಸ್ ಪುಕ್ಕಟೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕ್ರಿಕೆಟ್, ಬೇಸ್‌ಬಾಲ್ ಎರಡನ್ನೂ ವರದಿ ಮಾಡಿದ ಹೆನ್ರಿ ಚಾಡ್ವಿಕ್ 19ನೇ ಶತಮಾನದಲ್ಲಿ ಈ ಅಂಕಿ ಬರೆಯುವ ಪದ್ಧತಿ ಬೆಳೆಸಿದರು. ವಾಕ್ ಪಿಚರ್‌ನ ತಪ್ಪು, ಬ್ಯಾಟರ್‌ಗೆ ಅದರ ಹೆಸರೇಕೆ ಎಂಬುದು ಅವರ ವಾದ. 1887ರಲ್ಲಿ ಒಂದೇ ಒಂದು ವರ್ಷ ವಾಕನ್ನೂ ಹಿಟ್ ಎಂದೇ ಎಣಿಸಿ, ಸರಾಸರಿಗಳೆಲ್ಲ ಸಿಕ್ಕಾಪಟ್ಟೆ ಏರಿ, ಮರುವರ್ಷ ಕೈಬಿಟ್ಟರು.

ನನಗೆ ಚಾಡ್ವಿಕ್ ಮಾತು ಒಪ್ಪಿಗೆಯಿಲ್ಲ. ಕೆಟ್ಟ ಚೆಂಡಿಗೆ ಬ್ಯಾಟ್ ಬೀಸದಿರುವುದಕ್ಕೂ ಕಣ್ಣು ಬೇಕಲ್ಲವೇ? ಅದಕ್ಕೇ 'ಆನ್ ಬೇಸ್ ಪರ್ಸೆಂಟೇಜ್' ನೋಡಿ. ನಿಮ್ಮ ಮೊಮ್ಮಗ 24 ಸಲ ಬಂದು 6 ಹಿಟ್, 4 ವಾಕ್ ಸೇರಿ 10 ಸಲ ಬೇಸ್ ತಲುಪಿದ್ದಾನೆ. ಅಂದರೆ .417. ಇದು ನಿಜಕ್ಕೂ ಜೋರು.

ಸರಾಸರಿಯ ಇನ್ನೊಂದು ಕುಂದು ನಿಮಗೆ ಬೇಗ ತಿಳಿಯುತ್ತದೆ. ಅದು ಕಾಫಿ ಚೀಲ ಎಣಿಸಿ ತೂಕ ಹಾಕದ ಲೆಕ್ಕ. ಸಿಂಗಲ್ಲಿಗೂ ಹೋಮ್ ರನ್ನಿಗೂ ಒಂದೇ ಬೆಲೆ. ತೂಕ ಹಾಕುವುದು 'ಸ್ಲಗಿಂಗ್': ಸಿಂಗಲ್‌ಗೆ 1, ಡಬಲ್‌ಗೆ 2, ಟ್ರಿಪಲ್‌ಗೆ 3, ಹೋಮ್ ರನ್‌ಗೆ 4. ನಿಮ್ಮವನದು 4 ಸಿಂಗಲ್, ಡಬಲ್‌ನ 2, ಹೋಮ್ ರನ್ನಿನ 4, ಒಟ್ಟು 10. ಅದನ್ನು 20ರಿಂದ ಭಾಗಿಸಿ, .500. ಆನ್ ಬೇಸ್, ಸ್ಲಗಿಂಗ್ ಎರಡನ್ನೂ ಕೂಡಿಸಿದರೆ 'ಓಪಿಎಸ್', .917. ಇಪ್ಪತ್ತೇ ಸಲದ ಲೆಕ್ಕ ಅನ್ನುವುದು ನೆನಪಿರಲಿ, ಒಂದು ವಾರ ಕೈಕೊಟ್ಟರೆ ಎಲ್ಲ ತಲೆಕೆಳಗು.

ಅಲ್ಲಿನ ಹೆಸರಾಂತ ಬ್ಯಾಟರ್ ಟೆಡ್ ವಿಲಿಯಮ್ಸ್ ಕತೆ ಅವನಿಗೆ ಹೇಳಿ. 1941ರ ಸೀಸನ್ನಿನ ಕೊನೆಯ ದಿನಕ್ಕೆ ಮುಂಚೆ ಅವರ ಸರಾಸರಿ .39955. ಸುಮ್ನೆ ಕೂತಿದ್ದರೂ .400 ಎಂದೇ ಬರೆಯುತ್ತಿದ್ದರು. ಕೂರಲಿಲ್ಲ. ಅಂದಿನ ಎರಡೂ ಪಂದ್ಯ ಆಡಿ 8ಕ್ಕೆ 6 ಹಿಟ್ ಹೊಡೆದು .406 ಮಾಡಿದರು. ಅಮೆರಿಕನ್, ನ್ಯಾಷನಲ್ ಲೀಗ್‌ಗಳಲ್ಲಿ ಆಮೇಲೆ ಯಾರೂ .400 ಮುಟ್ಟಿಲ್ಲ. ಆ ವರ್ಷ ಅವರ ಆನ್ ಬೇಸ್ .553. ಅಷ್ಟು ವಾಕ್ ಗಿಟ್ಟಿಸಿದ್ದರು!

ಮುಂದಿನ ಭಾನುವಾರ ಫೋನ್ ಬಂದರೆ ಮೊದಲು 'ವಾಕ್ ಎಷ್ಟಾಯ್ತೋ?' ಎಂದು ಕೇಳಿ. ಹುಡುಗ ಬೆಚ್ಚಿಬೀಳುತ್ತಾನೆ.