ಚೇಂಬರ್ ಮುಚ್ಚಳ ತೆಗೆಯದವರಿಗೆ ಅಡ್ವಾನ್ಸ್ ಯಾಕೆ ಕೊಡ್ತೀರಿ?

ಪ್ರಶ್ನೆ: ತುಮಕೂರಿನ ಎಸ್.ಎಸ್. ಪುರಂನಲ್ಲಿ ನಮ್ಮದು ಹಳೇ ಮನೆ. ಟಾಯ್ಲೆಟ್‌ನಲ್ಲಿ ನೀರು ಇಳಿಯುತ್ತಿರಲಿಲ್ಲ. ಬಚ್ಚಲ ಪಕ್ಕದ ಚೇಂಬರ್ (ಕೊಳಚೆ ಪೈಪಿನ ಮಧ್ಯೆ ಮುಚ್ಚಳ ಇಟ್ಟ ಗುಂಡಿ) ತುಂಬಿತ್ತು, ಗೇಟಿನ ಹತ್ತಿರದ್ದು ಒಣಗಿತ್ತು. ಪ್ಲಂಬಿಂಗ್ ಕಂಟ್ರಾಕ್ಟರ್ ಬಂದು, 40 ಅಡಿ ಲೈನ್ ಪೂರ್ತಿ ಹೊಸದಾಗಿ ಹಾಕಬೇಕು, ಒಟ್ಟು 58 ಸಾವಿರ ಅಂದರು. 30 ಸಾವಿರ ಅಡ್ವಾನ್ಸ್ ಕೊಟ್ಟೆ. ಅರ್ಧ ಅಗೆದ ಮೇಲೆ ಬಂಡೆ ಸಿಕ್ಕಿದೆ, ಇನ್ನೂ 20 ಸಾವಿರ ಬೇಕು ಅಂತಿದ್ದಾರೆ. ಕೆಲಸ ನಿಂತಿದೆ. ಈ ರೇಟ್ ಸರಿನಾ?

ಇಂಥ ಪತ್ರ ಕೋಲಾರದಿಂದಲೂ ಬರುತ್ತೆ, ಚಿಕ್ಕಬಳ್ಳಾಪುರದಿಂದಲೂ ಬರುತ್ತೆ. ಎಲ್ಲರೂ ಕೇಳೋದು ರೇಟ್ ಬಗ್ಗೆ, ಅದೂ ದುಡ್ಡು ಕೊಟ್ಟಾದ ಮೇಲೆ. ಎಲ್ಲಿ ಕಟ್ಟಿಕೊಂಡಿದೆ ಅಂತ ಕಂಟ್ರಾಕ್ಟರ್ ತೋರಿಸಿದರಾ? ಅದನ್ನು ಯಾರೂ ಬರೆಯೋದಿಲ್ಲ.

ನಿಮ್ಮ ಪತ್ರದಲ್ಲೇ ಉತ್ತರ ಇದೆ. ಮೇಲಿನ ಚೇಂಬರ್ ತುಂಬಿದೆ, ಕೆಳಗಿನದು ಒಣಗಿದೆ ಅಂದರೆ ಬ್ಲಾಕ್ ಆ ಎರಡರ ನಡುವೆ ಇದೆ. ಒಣಗಿದ ಚೇಂಬರಿಗೆ ಎರಡು ಬಕೆಟ್ ನೀರು ಸುರಿಯಿರಿ. ಸರಾಗವಾಗಿ ಹೋದರೆ ಅಲ್ಲಿಂದ ರಸ್ತೆವರೆಗಿನ ಪೈಪ್ ಮುಟ್ಟುವ ಅಗತ್ಯವೇ ಇಲ್ಲ. ಎರಡೂ ತುಂಬಿ, ರಸ್ತೆಯ ಯುಜಿಡಿ (ಒಳಚರಂಡಿ) ಮ್ಯಾನ್‌ಹೋಲೂ ತುಂಬಿದ್ದರೆ ಅದು ಪಾಲಿಕೆಯ ಕೆಲಸ. ಅದಕ್ಕೆ ನಿಮ್ಮ ಅಂಗಳ ಅಗೆಯಬಾರದು.

ಆಮೇಲೆ ರಾಡ್ ಹೊಡೆಸಬೇಕಿತ್ತು, ಅಂದರೆ ಪೈಪಿನೊಳಗೆ ಉದ್ದನೆ ಕಡ್ಡಿ ತಳ್ಳಿಸಿ ನೋಡಬೇಕಿತ್ತು. ಒಣಗಿದ ಕಡೆಯಿಂದ ಮೇಲಕ್ಕೆ. ರಾಡಿನ ತುದಿಗೆ ಏನು ಅಂಟಿಕೊಂಡು ಬರುತ್ತೆ ಅಂತ ಪಕ್ಕದಲ್ಲೇ ನಿಂತು ನೋಡಿ. ಬಟ್ಟೆ, ಪ್ಯಾಡ್, ಜಿಡ್ಡು ಬಂದರೆ ಅದು ಬರೀ ಬ್ಲಾಕ್, ಕ್ಲೀನ್ ಮಾಡಿದರೆ ಸಾಕು. ಕೂದಲಿನಂಥ ಬೇರು ಬಂದರೆ ಹಳೇ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿನ ಸಿಮೆಂಟ್ ಜಾಯಿಂಟ್ ಬಿಟ್ಟಿದೆ. ಹಸಿ ಮಣ್ಣು ಬಂದರೆ ಪೈಪ್ ಒಡೆದಿದೆ. ಆಗಲೂ ರಾಡ್ ಎಷ್ಟು ಅಡಿ ಒಳಗೆ ಹೋಗಿ ನಿಂತಿತು ಅಂತ ಗುರುತು ಹಾಕಿ, ಅಲ್ಲಿ ಮಾತ್ರ ಅಗೆಯಬೇಕು. ಇದನ್ನೆಲ್ಲ ಮಾಡದೆ 40 ಅಡಿ ಅಗೆಯಿರಿ ಅನ್ನುವವರು ರಿಪೇರಿ ಮಾಡುತ್ತಿಲ್ಲ, ಊಹೆ ಮಾಡುತ್ತಿದ್ದಾರೆ. ಆ ಊಹೆಯ ಖರ್ಚು ನಿಮ್ಮದು.

ಬಂಡೆ ವಿಷಯಕ್ಕೆ ನನಗೆ ನಿಜವಾಗಿ ಕೋಪ ಬರುತ್ತೆ. ನಮ್ಮ ಕಡೆ ಬಂಡೆ ಇರೋದು ಹೌದು. ಆದರೆ ಹಳೇ ಪೈಪ್ ಅಲ್ಲಿ ಹೋಗಿದೆ ಅಲ್ವಾ? ಅದನ್ನು ಹಾಕುವಾಗಲೇ ಆ ಬಂಡೆ ಒಡೆದಿರುತ್ತಾರೆ. ಹಳೇ ಕಾಲುವೆಯಲ್ಲೇ ಹೊಸ ಪೈಪ್ ಮಲಗಿಸುವುದಾದರೆ ಹೊಸ ಬಂಡೆ ಎಲ್ಲಿಂದ ಬರುತ್ತೆ? ದಾರಿ ಬದಲಿಸಿದ್ದರೆ, ಇಲ್ಲವೇ ಇನ್ನೂ ಆಳಕ್ಕೆ ಹೋಗುತ್ತಿದ್ದರೆ ಮಾತ್ರ ಸಿಗಬಹುದು. ಹಾಗಾದರೆ ಯಾಕೆ ಬದಲಿಸಿದರು ಅಂತ ಕೇಳಿ. ಬಂಡೆ ತಪ್ಪಿಸೋಕೆ ಪೈಪನ್ನು ಮೇಲೆತ್ತಿ ಹಾಕ್ತೀನಿ ಅಂದರೂ ಒಪ್ಪಬೇಡಿ. 4 ಇಂಚಿನ ಪೈಪಿಗೆ 40 ಅಡಿಗೆ ಒಂದಡಿಯಷ್ಟು ವಾಟ (ಇಳಿಜಾರು) ಕೊಟ್ಟರೆ ಒಳ್ಳೇದು. ವಾಟ ಕೆಟ್ಟರೆ ನೀರು ಹೋಗುತ್ತೆ, ಕೊಳೆ ಅಲ್ಲೇ ಕೂರುತ್ತೆ.

ಇನ್ನು ರೇಟ್. 58 ಸಾವಿರವನ್ನು 40ರಿಂದ ಭಾಗಿಸಿ, ಅಡಿಗೆ 1,450 ರೂಪಾಯಿ. ನೆಲ ಒಡೆದು, ಕೈಯಲ್ಲೇ ಅಗೆದು, ಪೈಪ್ ಹಾಕಿ, ಚೇಂಬರ್ ಪ್ಲಾಸ್ಟರ್ ಮಾಡಿ, ಗ್ರಾನೈಟ್ ಮತ್ತೆ ಕೂರಿಸಿ, ಮಣ್ಣು ಸಾಗಿಸಿ ಕೊಡುವುದೂ ಇದರಲ್ಲಿ ಸೇರಿದ್ದರೆ ಮಾತಾಡಬಹುದು. ಬರೀ ಪೈಪ್ ಹಾಕಿ ಮಣ್ಣು ಮುಚ್ಚುವುದಾದರೆ ತುಂಬಾ ಜಾಸ್ತಿ. ಒಟ್ಟು ಇಷ್ಟು ಅನ್ನುವ ಮಾತಿಗೆ ಒಪ್ಪಲೇಬಾರದು. ಅಗೆತ, ಪೈಪ್, ಚೇಂಬರ್, ನೆಲ, ಕೂಲಿ ಬೇರೆ ಬೇರೆ ಬರೆಸಿ. ಪೈಪಿನ ಮೇಲೆ ಅಚ್ಚಾಗಿರುವುದನ್ನೂ ಓದಿ. ಎಸ್‌ಡಬ್ಲ್ಯುಆರ್ (ಕೊಳಚೆ, ಬಚ್ಚಲು, ಮಳೆನೀರಿಗೆ ಹಾಕುವ ಪಿವಿಸಿ) ಪೈಪಿನಲ್ಲಿ ಟೈಪ್ ಎ ಅಂದರೆ ಗಾಳಿಗೆ, ಮಳೆನೀರಿಗೆ. ಕೊಳಚೆಗೆ ಟೈಪ್ ಬಿ, ಅದು ದಪ್ಪ. ನೆಲದೊಳಗೆ ಹೂಳುವುದಕ್ಕಂತಲೇ ಐಎಸ್ 15328 ಗುರುತಿನ ಪೈಪ್ ಬೇರೆ ಇದೆ. ಬಿ ರೇಟ್ ಹಾಕಿ ಎ ಹೂತು ಮಣ್ಣು ಮುಚ್ಚಿದರೆ ನಿಮಗೆ ಗೊತ್ತೇ ಆಗಲ್ಲ.

ಹಾಗಂತ ಕೊಳಚೆಯಲ್ಲಿ ನಿಂತು ನಿಯತ್ತಾಗಿ ದುಡಿಯುವವನ ಹತ್ತಿರ ಐನೂರಕ್ಕೆ ಚೌಕಾಸಿ ಮಾಡಬೇಡಿ. ಅವನ ಕೂಲಿ ನ್ಯಾಯ.

ಈಗ ಮಾಡಬೇಕಾದ್ದು ಇಷ್ಟು. 20 ಸಾವಿರ ಕೊಡಬೇಡಿ. ಅಗೆದಿರುವುದನ್ನು ಕಂಟ್ರಾಕ್ಟರ್ ಎದುರೇ ಟೇಪ್ ಹಿಡಿದು ಅಳೆಯಿರಿ, ಫೋಟೋ ತೆಗೆಯಿರಿ, ಆಗಿರುವ ಕೆಲಸಕ್ಕೆ ಎಷ್ಟು ಅಂತ ಬರೆಸಿಕೊಳ್ಳಿ. ಉಳಿದದ್ದು ವಾಪಸ್ ಕೊಡದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲೂ ಆಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, 2 ವರ್ಷದೊಳಗೆ ಹೋಗಬೇಕು. ಗುಂಡಿ ಮುಚ್ಚುವ ಮುಂಚೆ ನೀರು ಬಿಟ್ಟು ಪರೀಕ್ಷೆ ಮಾಡಿಸದೆ ಕೊನೇ ಕಂತು ಯಾರಿಗೂ ಕೊಡಬೇಡಿ.

ಪ್ರಶ್ನೆ: ಆ್ಯಸಿಡ್ ಸುರಿದರೆ ಬ್ಲಾಕ್ ಹೋಗುತ್ತಾ?

ಬಟ್ಟೆ, ಬೇರು ಆ್ಯಸಿಡ್‌ಗೆ ಕರಗಲ್ಲ, ಸಿಮೆಂಟ್ ಜಾಯಿಂಟ್ ಕರಗುತ್ತೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತೆ, ಜೀವಕ್ಕೇ ಅಪಾಯ.

ಪ್ರಶ್ನೆ: ಟಾಯ್ಲೆಟ್ ಪಿಟ್‌ಗೆ ಬೆಲ್ಲ, ಸಗಣಿ ಹಾಕಿದರೆ ಖಾಲಿ ಮಾಡಿಸೋದು ಬೇಡವಂತೆ?

ಸುಳ್ಳು. ತಳದ ಹೂಳು ಕರಗಲ್ಲ, ತೆಗೆಸಲೇಬೇಕು.

ಪ್ರಶ್ನೆ: ಪಿಟ್ ಹೀರುವ ಸಕ್ಕಿಂಗ್ ಗಾಡಿಗಿಂತ ಕಮ್ಮಿಗೆ ಒಬ್ಬರು ಪಿಟ್ ಒಳಗೆ ಇಳಿದು ಕ್ಲೀನ್ ಮಾಡ್ತೀನಿ ಅಂತಾರೆ. ಮಾಡಿಸಲಾ?

ಬೇಡವೇ ಬೇಡ. ಒಳಗಿನ ಗಾಳಿಗೆ ಮನುಷ್ಯ ನಿಂತಲ್ಲೇ ಬೀಳುತ್ತಾನೆ, ಎತ್ತಲು ಇಳಿದವನೂ ಬೀಳುತ್ತಾನೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಇಳಿಸಿದವರಿಗೆ ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಗಾಡಿಯನ್ನೇ ಕರೆಸಿ.

ಪ್ರಶ್ನೆ: ತಾರಸಿಯ ಮಳೆನೀರಿನ ಪೈಪನ್ನು ಯುಜಿಡಿಗೆ ಸೇರಿಸಬಹುದಾ?

ಬೇಡ. ಜೋರು ಮಳೆಗೆ ಅದೇ ನೀರು ಕೊಳಚೆ ಸಮೇತ ತಗ್ಗಿನಲ್ಲಿರುವ ಮನೆಯ ಬಚ್ಚಲಲ್ಲಿ ಉಕ್ಕುತ್ತೆ.