ಪ್ರತಿಕ್ರಿಯೆ: ಕಠ್ಮಂಡುವಿನಲ್ಲಿ ಸೋದರತ್ತೆಯವರೊಂದಿಗೆ ಅರ್ಧ ದಿನದ ನಡಿಗೆ

ಮಾನ್ಯರೇ, ಊರಿನಿಂದ ಬರುತ್ತಿರುವ, ಮಂಡಿನೋವಿರುವ ನಿಮ್ಮ ಸೋದರತ್ತೆಯವರಿಗೆ ಹಳೆಯ ಕಠ್ಮಂಡುವನ್ನು ನಡೆದೇ ತೋರಿಸಲು ಗುಡ್ಡದ ಮೇಲಿನ ಸ್ವಯಂಭೂ ಸ್ತೂಪದಿಂದ ಆರಂಭಿಸಬಹುದೇ ಎಂದು ಕೇಳಿದ್ದೀರಿ. ಬೇಡ, ಅಲ್ಲಿನ ಪೂರ್ವದಿಕ್ಕಿನ ಕಡಿದಾದ ಮೆಟ್ಟಿಲುಗಳಲ್ಲೇ ಅವರು ದಣಿದುಬಿಡುತ್ತಾರೆ.

ಹಿಂದೆ ಟಿಬೆಟ್ ವ್ಯಾಪಾರದ ಹಾದಿಯಾಗಿದ್ದು, ಅಸನ್ ಚೌಕದಿಂದ ಇಂದ್ರಚೌಕದ ಮೂಲಕ ಹನುಮಾನ್ ಢೋಕಾ ಅರಮನೆಯವರೆಗೆ ಓರೆಯಾಗಿ ಸಾಗುವ ಬೀದಿಯೊಂದೇ ಸಾಕು. ಅದು ಹೆಚ್ಚುಕಡಿಮೆ ಸಮತಟ್ಟಾಗಿದೆ, ಒಂದು ಕಿಲೋಮೀಟರನ್ನೂ ಮೀರುವುದಿಲ್ಲ. ಅಂಗಡಿಗಳ ನೂಕುನುಗ್ಗಲು ಆರಂಭವಾಗುವ ಮೊದಲೇ, ಬೆಳಿಗ್ಗೆ ಏಳರ ಸುಮಾರಿಗೆ ಹೊರಡಿ. ಅಸನ್‌ನ ಅನ್ನಪೂರ್ಣೆಯ ಗುಡಿಯಲ್ಲಿ ದೇವಿ ಮೂರ್ತಿಯಾಗಿರದೆ ಬೆಳ್ಳಿಯ ಪೂರ್ಣಕಲಶದ ರೂಪದಲ್ಲಿದ್ದಾಳೆ; ಮನೆಯಲ್ಲಿ ಕಲಶವಿಟ್ಟು ಪೂಜಿಸಿ ರೂಢಿಯಿರುವ ನಮ್ಮ ಹಿರಿಯರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮುಂದೆ ಜನಬಹಾಲ್‌ನ ಅಂಗಳಕ್ಕೆ ತಪ್ಪದೆ ತಿರುಗಿ. ಹಿಂದೂಗಳೂ ಬೌದ್ಧರೂ ಪೂಜಿಸುವ ಶ್ವೇತ ಮಚ್ಛೇಂದ್ರನಾಥನ ಎದುರು ನೆಮ್ಮದಿಯಾಗಿ ಕುಳಿತು ಸುಧಾರಿಸಿಕೊಳ್ಳಬಹುದು.

ಅರಮನೆಯ ಚೌಕದಲ್ಲಿ ಜೀವಂತ ದೇವಿಯೆಂದು ಪೂಜಿಸಲಾಗುವ ಬಾಲಕಿ ಕುಮಾರಿ ವಾಸಿಸುವ, 1757ರ ಕುಮಾರಿ ಮನೆಯ ಕೆತ್ತನೆಯ ಕಿಟಕಿಗಳನ್ನೂ, 2015ರ ಭೂಕಂಪದಲ್ಲಿ ಕುಸಿದು ಮತ್ತೆ ಕಟ್ಟಲಾದ ಕಾಷ್ಠಮಂಡಪವನ್ನೂ ತೋರಿಸಿ. ಕುಮಾರಿ ಕಿಟಕಿಗೆ ಬಂದರೆ ಫೋಟೊ ತೆಗೆಯುವಂತಿಲ್ಲ ಎಂಬುದನ್ನು ಅತ್ತೆಯವರಿಗೆ ಮೊದಲೇ ತಿಳಿಸಿ.

ಪಶುಪತಿನಾಥನ ದರ್ಶನವನ್ನು ಇದರೊಡನೆ ಸೇರಿಸದೆ ಇನ್ನೊಂದು ದಿನಕ್ಕಿಡಿ. ಅಲ್ಲಿನ ಭಟ್ಟ ಅರ್ಚಕರು ಕರ್ನಾಟಕದ ಮೂಲದವರಾದ್ದರಿಂದ ಅತ್ತೆಯವರು ಕನ್ನಡದಲ್ಲಿ ಮಾತಿಗಿಳಿದರೂ ಆಶ್ಚರ್ಯವಿಲ್ಲ. ಚರ್ಮದ ಬೆಲ್ಟು, ಚೀಲಗಳನ್ನು ಕೋಣೆಯಲ್ಲೇ ಬಿಟ್ಟು ಹೋಗಿ.