ಕಣ್ಣಿನ ಡ್ರಾಪ್ಸಿಗೂ ದಮ್ಮಿಗೂ ಏನು ಸಂಬಂಧ?

ಪ್ರಶ್ನೆ: ನಮ್ಮ ಮಾವನಿಗೆ 64 ವರ್ಷ. ಎರಡು ತಿಂಗಳಿಂದ ಕೆಮ್ಮು, ನಾಲ್ಕು ಹೆಜ್ಜೆ ನಡೆದರೆ ದಮ್ಮು ಹತ್ತುತ್ತದೆ. ಬಳ್ಳಾರಿಗೆ ಕರಕೊಂಡು ಹೋಗಿ ಎದೆ ಡಾಕ್ಟರಿಗೆ ತೋರಿಸಿದೆವು. ಅವರು ಅರ್ಧ ತಾಸು ಬರೀ ಪ್ರಶ್ನೆ ಕೇಳಿದರು. ಮೊದಲು ಎಲ್ಲಿ ಕೆಲಸ ಮಾಡ್ತಿದ್ರಿ, ಮನೇಲಿ ಪಾರಿವಾಳ ಇದಾವಾ, ಕಣ್ಣಿಗೆ ಡ್ರಾಪ್ಸ್ ಹಾಕ್ತೀರಾ ಅಂತೆಲ್ಲ. ಮಾವ ಸಿಟ್ಟಾಗಿ "ನನಗೆ ಯಾವ ಗುಳಿಗೇನೂ ಇಲ್ಲ" ಅಂದುಬಿಟ್ಟರು. ಬಿಪಿ ಗುಳಿಗೆ, ಕಣ್ಣಿನ ಡ್ರಾಪ್ಸ್ ಎರಡೂ ಇವೆ. ಮುಂದಿನ ವಾರ ಮತ್ತೆ ಹೋಗಬೇಕು. ಏನೇನು ಹೇಳಬೇಕು?
– ಒಬ್ಬ ಓದುಗರು, ಗಿಣಿಗೇರಾ, ಕೊಪ್ಪಳ ಜಿಲ್ಲೆ

ಉತ್ತರ: ಮಾವ ಸುಳ್ಳು ಹೇಳಿಲ್ಲ ತಂಗಿ. ಹತ್ತು ವರ್ಷದಿಂದ ದಿನಾ ನುಂಗೋ ಬಿಪಿ ಗುಳಿಗೆ ನಮ್ಮ ಜನರಿಗೆ ಔಷಧಿ ಅಂತ ಅನ್ನಿಸೋದೇ ಇಲ್ಲ, ಅದು ಬೆಳಗಿನ ಚಹಾದ ಜೊತೆಗೆ ಸೇರಿಹೋಗಿರುತ್ತದೆ. ಆದರೆ ಕೆಮ್ಮಿನ ಮೂಲ ಅಲ್ಲೇ ಇರಬಹುದು. ಎನಾಲಾಪ್ರಿಲ್, ರಾಮಿಪ್ರಿಲ್ ಜಾತಿಯ ಬಿಪಿ ಗುಳಿಗೆ ಕೆಲವರಿಗೆ ಒಣ ಕೆಮ್ಮು ತರುತ್ತದೆ. ಗಂಟಲಲ್ಲಿ ಕೆರೆತ, ಕಫ ಇಲ್ಲ, ಎಷ್ಟು ಸಿರಪ್ ಕುಡಿದರೂ ನಿಲ್ಲೋದಿಲ್ಲ. ಡಾಕ್ಟರು ಗುಳಿಗೆ ಬದಲಿಸಿದರೆ ಸಾಮಾನ್ಯವಾಗಿ 1ರಿಂದ 4 ವಾರದಲ್ಲಿ ಹೋಗುತ್ತದೆ, ಕೆಲವರಿಗೆ 3 ತಿಂಗಳೂ ಹಿಡಿಯುತ್ತದೆ. ಇದನ್ನು ಓದಿ ನೀವೇ ಗುಳಿಗೆ ನಿಲ್ಲಿಸಬೇಡಿ ಮತ್ತೆ. ಬಿಪಿ ಏರಿದರೆ ಅದು ಬೇರೆಯೇ ಫಜೀತಿ.

ಇನ್ನು ಡ್ರಾಪ್ಸ್. ಕಣ್ಣಿಗೂ ಮೂಗಿಗೂ ಒಂದು ಸಣ್ಣ ನಾಳ ಇದೆ, ಅತ್ತಾಗ ಮೂಗು ಸೋರೋದು ಅದಕ್ಕೇ. ಗ್ಲಾಕೋಮಾಕ್ಕೆ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆಗೆ, ಕೊಡುವ ಟಿಮೊಲಾಲ್ ಹನಿ ಆ ದಾರಿಯಲ್ಲೇ ಮೂಗಿಗೆ ಇಳಿದು ರಕ್ತಕ್ಕೆ ಸೇರುತ್ತದೆ. ಉಬ್ಬಸ ಇದ್ದವರಿಗೆ ಅದು ಉಸಿರಿನ ಕೊಳವೆಗಳನ್ನು ಬಿಗಿಸಿಬಿಡುತ್ತದೆ. ಒಂದು ಹನಿ ಏನು ಮಾಡೀತು ಅಂತ ಅನ್ನಬೇಡಿ.

ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗೋ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಕೂಡ ಕೆಲವರಿಗೆ ದಮ್ಮು ಎಬ್ಬಿಸುತ್ತವೆ. ಊರಲ್ಲಿ ಯಾರೋ ಕೊಟ್ಟ ಪುಡಿ, "ಒಂದೇ ಸೂಜಿಗೆ ಕಡಿಮೆ ಆಯ್ತು" ಅನ್ನೋ ಇಂಜೆಕ್ಷನ್, ಅದನ್ನೂ ಹೇಳಿ. ಅದರಲ್ಲಿ ಸ್ಟೆರಾಯ್ಡ್ ಇರಬಹುದು. ನನ್ನ ಕೇಳಿದರೆ ಬಾಯಿಪಾಠ ಮಾಡೋ ಗೋಜೇ ಬೇಡ. ಮನೆಯಲ್ಲಿರೋ ಸ್ಟ್ರಿಪ್, ಬಾಟಲಿ, ಹಳೇ ಚೀಟಿ, ಖಾಲಿ ಆದದ್ದೂ ಸೇರಿಸಿ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಟೇಬಲ್ ಮೇಲೆ ಸುರಿಯಿರಿ. ದಮ್ಮಿಗೆ ಬಾಯಲ್ಲಿ ಎಳೆಯೋ ಪಂಪ್ (ಇನ್‌ಹೇಲರ್) ಇದ್ದರೆ ಡಾಕ್ಟರ ಮುಂದೆಯೇ ಒಮ್ಮೆ ಎಳೆದು ತೋರಿಸಲಿ, ಎಷ್ಟೋ ಜನರಿಗೆ ಔಷಧಿ ನಾಲಿಗೆ ಮೇಲೇ ಉಳಿಯುತ್ತದೆ.

ಕೆಮ್ಮು ಶುರುವಾದದ್ದು ಯಾವಾಗ ಅಂದರೆ ತಾರೀಕು ಯಾರಿಗೂ ನೆನಪಿರಲ್ಲ. ಗವಿಮಠದ ಜಾತ್ರೆಗೆ ಮೊದಲೋ ಆಮೇಲೋ ಅಂತ ಕೇಳಿ ನೋಡಿ, ಥಟ್ಟನೆ ಹೇಳುತ್ತಾರೆ. ದಮ್ಮಿನ ಲೆಕ್ಕವೂ ಹಾಗೇ. ಹೋದ ವರ್ಷ ಅಂಜನಾದ್ರಿ ಬೆಟ್ಟ ಹತ್ತಿದವರು ಈಗ ಬಸ್‌ಸ್ಟಾಂಡಿಗೆ ನಡೆಯೋಕೆ ಆಗ್ತಿಲ್ಲ ಅಂದರೆ ಡಾಕ್ಟರಿಗೆ ಅರ್ಧ ಅರ್ಥ ಆಯಿತು. ರಾತ್ರಿ ಎಷ್ಟು ದಿಂಬು ಬೇಕು, ಕಾಲು ಬಾವು ಬರುತ್ತಾ ಅಂತ ಕೇಳುವುದು ಹೃದಯದ ಅನುಮಾನಕ್ಕೆ. ಕಫದಲ್ಲಿ ರಕ್ತ, ಸಂಜೆ ಜ್ವರ, ತೂಕ ಇಳಿಯೋದು ಟಿಬಿಯ ಕಡೆ ಬೊಟ್ಟು ಮಾಡುತ್ತವೆ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಆಗಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಕೆಲಸದ ಪ್ರಶ್ನೆ ನಮ್ಮ ಕಡೆ ತುಂಬಾ ಮುಖ್ಯ. ಸಂಡೂರಿನ ಗಣಿ, ಹಟ್ಟಿಯ ಚಿನ್ನದ ಗಣಿ, ಕಲ್ಲಿನ ಕ್ರಷರ್, ನಿಮ್ಮೂರ ಸುತ್ತಿನ ಸ್ಪಾಂಜ್ ಐರನ್ ಫ್ಯಾಕ್ಟರಿ, ರಾಯಚೂರಿನ ಹತ್ತಿ ಜಿನ್ನಿಂಗ್, ಗಂಗಾವತಿಯ ರೈಸ್ ಮಿಲ್, ಎಲ್ಲಿ ಎಷ್ಟು ವರ್ಷ ದುಡಿದರು ಹೇಳಿ. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಕೆಲಸ ಬಿಟ್ಟು ಎಷ್ಟೋ ವರ್ಷದ ಮೇಲೂ ತಲೆ ಎತ್ತುತ್ತದೆ. ಪಾರಿವಾಳದ ಹಿಕ್ಕೆಯ ಧೂಳೂ ಕೆಲವರ ಶ್ವಾಸಕೋಶ ಕೆಡಿಸುತ್ತದೆ, ಡಾಕ್ಟರು ತಮಾಷೆಗೆ ಕೇಳಿದ್ದಲ್ಲ.

ಇನ್ನೊಂದು, ಬೇಜಾರು ಮಾಡ್ಕೋಬೇಡಿ. ಐದು ನಿಮಿಷ ನೀವು ಹೊರಗೆ ಕೂತುಬಿಡಿ. ದಿನಕ್ಕೆ ಎಷ್ಟು ಕಟ್ಟು ಬೀಡಿ, ಕುಡಿತ ಎಷ್ಟು, ಹಿಂದೆ ಟಿಬಿ ಗುಳಿಗೆ ಅರ್ಧಕ್ಕೆ ಬಿಟ್ಟಿದ್ದರಾ, ಇದನ್ನು ಸೊಸೆಯ ಮುಂದೆ ಯಾವ ಮಾವ ಬಾಯಿಬಿಡ್ತಾರೆ ಹೇಳಿ?

ಮಾತಾಡುವಾಗ ಒಂದು ವಾಕ್ಯವನ್ನೂ ಪೂರ್ತಿ ಹೇಳಲಾಗದಷ್ಟು ದಮ್ಮು ಬಂದರೆ, ತುಟಿ ನೀಲಿಯಾದರೆ, 108ಕ್ಕೆ ಫೋನ್ ಮಾಡಿ. ಡ್ರಾಪ್ಸಿನ ಹೆಸರು ನೀವು ಬರೆದಿಲ್ಲ. ಈಗಲೇ ಎದ್ದು ಬಾಟಲಿ ನೋಡಿ. ಟಿಮೊಲಾಲ್ ಅಂತ ಇದ್ದರೆ ಮುಂದಿನ ವಾರದ ತನಕ ಕಾಯಬೇಡಿ, ಇವತ್ತೇ ಕಣ್ಣಿನ ಡಾಕ್ಟರಿಗೂ ಎದೆ ಡಾಕ್ಟರಿಗೂ ತಿಳಿಸಿ.